ದೇವರಮನೆ ತಿರುವಿನಲ್ಲಿ ಹಡಗಿನ ಆಫೀಸರ್

ಸ್ನೇಹಿತರೇ, ಇವತ್ತು ಬೆಳಿಗ್ಗೆ ದೇವರಮನೆ ಬೆಟ್ಟದ ರಸ್ತೆಯ ಕಡಿದಾದ ತಿರುವಿನಲ್ಲಿ ವಾಹನಗಳು ಎದುರುಬದುರಾಗಿ ಸಿಕ್ಕಿಹಾಕಿಕೊಂಡವು. ಮಂಜು ಬೇರೆ, ಒಂದು ಪಕ್ಕ ಪ್ರಪಾತ. ಎದುರಿನ ದೊಡ್ಡ ಕಾರಿನವರು ಇಳಿದು ಬಂದು ನನ್ನ ಜೀಪಿನ ಬಾನೆಟ್ ಗುದ್ದಿ, "ನೀನೇ ರಿವರ್ಸ್ ತಗೋ!" ಎಂದು ಕೂಗಾಡಿದರು.

"ಹಿಂದೆ ಐದಾರು ಕಾರಿದೆ ಮಾರಾಯ್ರೆ, ಎಲ್ಲಿಗೆ ತಗೊಳ್ಳೋದು?" ಎಂದೆ.

ಆಗ ನನ್ನ ಹಿಂದಿನ ಕಾರಿನಿಂದ ಒಬ್ಬ ಯುವತಿ ಇಳಿದು ಬಂದರು. "ಇಬ್ರೂ ಗಾಡೀಲಿ ಕೂತ್ಕೊಳ್ಳಿ. ನನ್ನ ಕೈ ಮಾತ್ರ ನೋಡಿ."

ಕೂತೆವು. ಕೊನೆಯ ಕಾರಿನಿಂದ ಶುರುಮಾಡಿ ಒಂದೊಂದನ್ನೇ ಹಿಂದಕ್ಕೆ ಸರಿಸಿ, ಗುಡ್ಡ ಕಡಿದ ಬದಿಯ ಧರೆಗೆ ಗೇಣಷ್ಟೇ ಜಾಗ ಬಿಟ್ಟು ಸಾಲಾಗಿ ನಿಲ್ಲಿಸಿದರು. ಅವರು ಮುಷ್ಟಿ ಎತ್ತಿದರೆ ಕಾರು ನಿಲ್ಲುತ್ತಿತ್ತು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ.

ನನ್ನ ಜೀಪೂ ನಿಂತ ಮೇಲೆ ಕೇಳಿದೆ, "ಪೊಲೀಸಾ ಮೇಡಂ ನೀವು?"

"ಅಲ್ಲಣ್ಣ, ಇಲ್ಲೇ ಜಾವಳಿಯವಳು. ಪ್ಯಾಸೆಂಜರ್ ಹಡಗಿನ ಕಂಪನೀಲಿ ಆಫೀಸರ್, ರಜೆಗೆ ಬಂದಿದ್ದೀನಿ. ಅಲ್ಲಿ ಜನ ಕಾರು, ಲಾರಿ ಸಮೇತ ಹಡಗು ಹತ್ತುತ್ತಾರೆ. ಅದನ್ನೆಲ್ಲ ಒಳಗೆ ಹೀಗೇ ನಿಲ್ಲಿಸೋದು ನನ್ನ ಕೆಲಸ. ಭಾರ ಒಂದೇ ಕಡೆಗಾದ್ರೆ ಹಡಗೇ ವಾಲುತ್ತೆ."

ಸಾಲು ಸಾಲು ಲಾರಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಮುದ್ರಕ್ಕಿಳಿಯುವ ಹಡಗು, ಅದರ ಸಮತೋಲ ಈ ಹುಡುಗಿಯ ಕೈಯಲ್ಲಿ!

ಎದುರಿನವರಿಗೆ ದಾರಿ ಪೂರ್ತಿ ತೆರವಾಗಿತ್ತು. ಆದರೂ ಬಾನೆಟ್ ಗುದ್ದಿದ ಮಹಾಶಯರು ಕದಲಲಿಲ್ಲ. ಕಿಟಕಿ ಗಾಜು ಇಳಿಸಿ, ಮೆತ್ತಗೆ ಕೇಳಿದರು: "ಮೇಡಂ, ನಾನೀಗ ಹೊರಡ್ಲಾ?"