ಏಳು ಲೋಟ ಕಾಫಿ, ಒಂದು ಹನಿ ಶಾಯಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಫಜಲಪುರದ ಒಂದು ನೀರಾವರಿ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಎಂಜಿನಿಯರರು ಪೆನ್ಸಿಲಿನಲ್ಲಿ ಬರೆದ ಕಾಲುವೆ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಅದೇ ಗೆರೆಗಳನ್ನು ಕಪ್ಪು ಶಾಯಿಯಲ್ಲಿ ಎಳೆಯುವುದು ನನ್ನ ಕೆಲಸ. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ, ಬಿ.ಎಸ್ಸಿ. ಓದಿದವನಿಗೆ ಅದು ಸಣ್ಣ ಹುದ್ದೆಯೆಂದು ಮಾದನಹಿಪ್ಪರಗಾದ ನಮ್ಮವರು ಹೇಳಿದ್ದುಂಟು. ಆದರೆ ನನ್ನ ಗೆರೆ ಎಂದೂ ಸೊಟ್ಟಗಾಗುತ್ತಿರಲಿಲ್ಲ. ಕಚೇರಿಯಲ್ಲಿ ನನಗೆ ಸಲ್ಲುತ್ತಿದ್ದ ಗೌರವವೆಲ್ಲ ವಾಸ್ತವವಾಗಿ ಈ ಬಲಗೈಗೆ ಸಲ್ಲುತ್ತಿದ್ದುದು.

ಮೂರನೆಯ ವರ್ಷ ಮೈಸೂರು ಕಡೆಯವರೊಬ್ಬರು ಇನ್ನೊಬ್ಬ ಟ್ರೇಸರ್ ಆಗಿ ಬಂದರು. ನನಗಿಂತ ನಾಲ್ಕು ವರ್ಷ ಚಿಕ್ಕವರು. ಅವರ ಅಂಗಿಯ ಇಸ್ತ್ರಿ, ಮಾತಿನ ಮೃದುತ್ವ, ಎಂಜಿನಿಯರ್ ಸಾಹೇಬರ ಎದುರಿನ ಕುರ್ಚಿಯಲ್ಲಿ ಅಳುಕಿಲ್ಲದೆ ಕೂರುವ ರೀತಿ, ಇವುಗಳಲ್ಲಿ ಯಾವುದನ್ನೂ ನಾನು ಸಹಿಸಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅವರ ಕಾಫಿಯನ್ನು ಸಹಿಸಲಿಲ್ಲ.

ಕಚೇರಿಯ ಹಿಂದಿನ ಕೋಣೆಯಲ್ಲಿ ಅವರು ಒಂದು ಹಿತ್ತಾಳೆಯ ಫಿಲ್ಟರ್ ಇಟ್ಟಿದ್ದರು. ಹನ್ನೊಂದು ಗಂಟೆಗೆ ಅದರ ಪರಿಮಳ ಬಂತೆಂದರೆ ಸಾಹೇಬರು ತಮ್ಮ ಮೇಜಿನ ಮೇಲಿನ ಚಹಾ ಬಿಟ್ಟು ಅಲ್ಲಿಗೆ ಎದ್ದು ಹೋಗುತ್ತಿದ್ದರು. ಒಳಗಿನಿಂದ ನಗು ಕೇಳುತ್ತಿತ್ತು. ನನ್ನನ್ನು ಕರೆಯಲಿಲ್ಲವೆಂದಲ್ಲ, ಮೊದಲ ದಿನವೇ ಕರೆದಿದ್ದರು. ಅಭ್ಯಾಸವಿಲ್ಲವೆಂದು ನಾನೇ ಬಿಗುವಾಗಿ ಹೇಳಿದ್ದೆ. ಆಮೇಲೆ ಅವರು ಒತ್ತಾಯಿಸಲಿಲ್ಲ. ನಮ್ಮ ಸೀಮೆಯಲ್ಲಿ ಮೂರು ಸಲವಾದರೂ ಕರೆಯುತ್ತಾರೆ. ಒಂದೇ ಸಲಕ್ಕೆ ಬಿಟ್ಟದ್ದು ಅವರ ಸೊಕ್ಕೆಂದು ತಿಳಿದೆ.

ಅದೇ ಹೊತ್ತಿಗೆ ಟ್ರೇಸರಿಗಿಂತ ಒಂದು ಮೆಟ್ಟಿಲು ಮೇಲಿನ ಡ್ರಾಫ್ಟ್ಸ್‌ಮನ್ ಹುದ್ದೆಯೊಂದು ಖಾಲಿಯಾಯಿತು. ಕಾಲುವೆಯ ದೊಡ್ಡ ನಕ್ಷೆಯೊಂದು ಮೇಲಧಿಕಾರಿಗಳಿಗೆ ಹೋಗಬೇಕಿತ್ತು. ಅದನ್ನು ಟ್ರೇಸ್ ಮಾಡಿದವರ ಹೆಸರನ್ನೇ ಹುದ್ದೆಗೆ ಶಿಫಾರಸು ಮಾಡುವುದಾಗಿ ಸಾಹೇಬರು ತಿಳಿಸಿದರು. ಹಿರಿತನದ ಮೇಲೆ ಆ ಕೆಲಸ ನನಗೆ ಬಂತು. ಒಂದು ತಿಂಗಳ ಗಡುವು. ಸೋಲುವುದಕ್ಕೆ ಯಾವ ಕಾರಣವೂ ಇರಲಿಲ್ಲ.

ಆದರೂ ಆ ಮೈಸೂರಿನವರ ಚುರುಕಿನ ಗುಟ್ಟು ಆ ಫಿಲ್ಟರಿನಲ್ಲಿಯೇ ಇದೆಯೆಂದು ನಾನು ನಿರ್ಧರಿಸಿಬಿಟ್ಟಿದ್ದೆ. ಬೆಂಗಳೂರಿಗೆ ಹೋದ ಪರಿಚಿತರೊಬ್ಬರಿಂದ ಕಾಫಿಪುಡಿ ತರಿಸಿದೆ. ಮಾಡುವ ಬಗೆಯನ್ನು ಮಾತ್ರ ಮೈಸೂರಿನವರಿಂದ ಕೇಳಲಾಗಲಿಲ್ಲ. ಕೇಳಿದರೆ ಸಣ್ಣವನಾಗುತ್ತೇನೆಂಬ ಭಯ. ಆದ್ದರಿಂದ ನಮ್ಮಲ್ಲಿ ಚಹಾ ಕಾಯಿಸುವಂತೆಯೇ ಕಾಯಿಸಿದೆ. ಪಾತ್ರೆಯಲ್ಲಿ ನೀರು, ಸಕ್ಕರೆ, ಮುಷ್ಟಿ ತುಂಬ ಪುಡಿ ಹಾಕಿ ಕಪ್ಪಗಾಗುವವರೆಗೆ ಕುದಿಸಿ, ಕೊನೆಗೆ ಒಂದಿಷ್ಟು ಹಾಲು. ತಳದ ಗಸಿಯನ್ನು ಚೆಲ್ಲದೆ, ಅದಕ್ಕೇ ಹೊಸ ಪುಡಿ ಸೇರಿಸಿ ಮತ್ತೆ ಕುದಿಸುತ್ತಿದ್ದೆ. ದೊಡ್ಡ ಸ್ಟೀಲ್ ಲೋಟ ತುಂಬ, ದಿನಕ್ಕೆ ಏಳು. ಕಚೇರಿಗೆ ಥರ್ಮಾಸಿನಲ್ಲಿ ಒಯ್ಯುತ್ತಿದ್ದೆ. ಅವರಿಗಿಂತ ಒಂದಾದರೂ ಹೆಚ್ಚು ಇರಲಿ ಎಂಬುದು ನನ್ನ ಉದ್ದೇಶ.

ಬಾಡಿಗೆ ಮನೆಯಲ್ಲಿ ನನ್ನೊಡನೆ ಇದ್ದ ಅವ್ವ ಒಮ್ಮೆ ಅದನ್ನು ಬಶಿಯಲ್ಲಿ ಸುರಿದುಕೊಂಡು ಒಂದು ಗುಟುಕು ಕುಡಿದಳು.

“ಅಲ್ಲೋ ಎಪ್ಪಾ, ಇಷ್ಟ್ ಸಾಲಿ ಕಲ್ತು ಈಗ ಸುಟ್ಟ ಕಡ್ಲಿ ಕುದಿಸಿ ಕುಡಿಯಾಕತ್ತಿ? ಮನ್ಯಾಗ ಚಹಾಪುಡಿ ತೀರಿಲ್ಲಲ್ಲ.”

ಮೊದಲ ವಾರ ನಿಜಕ್ಕೂ ಹುರುಪಿತ್ತು. ಮಧ್ಯಾಹ್ನದ ತೂಕಡಿಕೆ ಹೋಯಿತು. ಎರಡನೆಯ ವಾರ ನಿದ್ದೆಯೇ ಹೋಯಿತು. ಹೊಟ್ಟೆಯಲ್ಲಿ ಉರಿ, ಹುಳಿತೇಗು. ಗಳಿಗೆಗೊಮ್ಮೆ ಮೂತ್ರಕ್ಕೆ ಏಳುವುದು. ಸಣ್ಣ ಮಾತಿಗೂ ಅವ್ವನ ಮೇಲೆ ಸಿಡಿಮಿಡಿ. ಸುಮ್ಮನೆ ಕೂತಾಗಲೂ ಎದೆಯ ಬಡಿತ ಕಿವಿಗೆ ಕೇಳುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ, ಪೆನ್ನು ಹಿಡಿದ ಕೈ ನಡುಗಿತು.

ಭಾನುವಾರ ಊರಿಗೆ ಹೋಗುವ ನೆಪದಲ್ಲಿ ಆಳಂದಕ್ಕೆ ಹೋಗಿ ವೈದ್ಯರೊಬ್ಬರಿಗೆ ತೋರಿಸಿದೆ. ಬೀಡಿಯ ಬಗ್ಗೆ ಕೇಳಿದರು, ಸೇಂದಿಯ ಬಗ್ಗೆ ಕೇಳಿದರು, ಎರಡೂ ಇಲ್ಲವೆಂದೆ.

“ಚಹಾ ಎಷ್ಟ್ ಸಲ ಕುಡೀತೀರಿ?”

“ಎರಡ ಸಲ್ರಿ. ಯಾರರೆ ಮನಿಗಿ ಹೋದ್ರ ಒಲ್ಲೆ ಅನ್ನಾಕ ಆಗೂದಿಲ್ಲ, ಅಷ್ಟ.”

ಕಾಫಿಯ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಸೀಮೆಯಲ್ಲಿ ಅದು ಯಾರ ಚಟವೂ ಆಗಿರಲಿಲ್ಲ. ನನ್ನ ಮಟ್ಟಿಗೆ ಅದು ಏಳಿಗೆ. ಏಳಿಗೆಯಿಂದ ಕಾಯಿಲೆ ಬರಬಹುದೆಂದು ಹೊಳೆಯಲೇ ಇಲ್ಲ. ಅವರು ಟಾನಿಕ್ ಬರೆದುಕೊಟ್ಟರು. ನಾನು ಟಾನಿಕ್ ಕುಡಿದು ಅದರ ಮೇಲೆ ಕಾಫಿ ಕುಡಿದೆ. ಹೃದಯ ಕೆಟ್ಟಿದೆಯೆಂದೇ ನಂಬಿದ್ದೆ. ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ನಕ್ಷೆ ಮೈಸೂರಿನವರ ಮೇಜಿಗೆ ಹೋಗುತ್ತಿತ್ತು.

ಗಡುವಿಗೆ ನಾಲ್ಕು ದಿನ ಉಳಿದಿದ್ದವು. ಮುಕ್ಕಾಲು ನಕ್ಷೆ ಮುಗಿದಿತ್ತು. ಗೊಬ್ಬೂರದ ಬಳಿಯ ಗೆರೆಗೆ ಬರುವಷ್ಟರಲ್ಲಿ ಕೈ ಅದುರಿ, ಪೆನ್ನಿನಿಂದ ಕಡಲೆಕಾಳಿನಷ್ಟು ಶಾಯಿ ಊರಿನ ಹೆಸರಿನ ಮೇಲೆಯೇ ಬಿತ್ತು.

ಮೈಸೂರಿನವರು ತಮ್ಮ ಮೇಜಿನಿಂದ ಎದ್ದು ಬಂದರು. ಮೊದಲು ಹನಿಯನ್ನು ಒತ್ತುಕಾಗದದಿಂದ ಹೀರಿಸಿದರು. ಆಮೇಲೆ ನನ್ನ ಕೈ ನೋಡಿದರು. ಆಮೇಲೆ ಥರ್ಮಾಸಿನ ಮುಚ್ಚಳ ತೆಗೆದು ಮೂಸಿದರು.

“ಇದೇನ್ ಸಾರ್, ಕಾಫೀನಾ? ದಿನಕ್ಕೆ ಎಷ್ಟು ಕುಡೀತೀರಾ?”

“ಏಳ್ ಲೋಟ” ಎಂದೆ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳಬೇಕು. “ನೀವೆಷ್ಟ್ ಕುಡೀತೀರಿ?”

“ಬೆಳಿಗ್ಗೆ ಒಂದು, ಹನ್ನೊಂದಕ್ಕೆ ಒಂದು. ಅದೂ ಅರ್ಧರ್ಧ ಲೋಟ. ಮೂರನೇದು ಕುಡಿದ್ರೆ ನಂಗೂ ಕೈ ನಡುಗತ್ತೆ ಸಾರ್.”

ಅವರು ನಗಲಿಲ್ಲ. ನಕ್ಕಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ, ದಿನಕ್ಕೊಂದು ಲೋಟದಂತೆ ಇಳಿಸಿರಿ ಎಂದು ಅವರು ತಿಳಿಹೇಳಿದರು. ಅವರು ಹೇಳಿದರೆಂಬ ಕಾರಣಕ್ಕೇ ನಾನು ಅಂದೇ ಪೂರ್ತಿ ಬಿಟ್ಟೆ. ಮೂರು ದಿನ ತಲೆ ಸಿಡಿಯಿತು. ಹಣೆಗೆ ಬಿಗಿಯಾಗಿ ವಸ್ತ್ರ ಕಟ್ಟಿಕೊಂಡು ನನ್ನ ಮೇಜಿನಲ್ಲಿಯೇ ಕೂತಿದ್ದೆ. ನನ್ನ ಕೈ ಇನ್ನೂ ಸ್ಥಿಮಿತಕ್ಕೆ ಬಾರದ್ದರಿಂದ ಅವರು ನನ್ನ ಎದುರಿಗೇ ಬ್ಲೇಡಿನಿಂದ ಆ ಹನಿಯನ್ನು ನಯವಾಗಿ ಕೆರೆದು ತೆಗೆದು, ಉಳಿದ ಕಾಲುಭಾಗವನ್ನು ಮುಗಿಸಿದರು. ಒಂದು ಗೆರೆಯಾದರೂ ಸೊಟ್ಟಗಾಗಲೆಂದು ನಾನು ಹಾರೈಸಿದೆ. ಆಗಲಿಲ್ಲ.

ನಕ್ಷೆಯ ಮೂಲೆಯ ಚೌಕದಲ್ಲಿ ಟ್ರೇಸ್ ಮಾಡಿದವರ ಹೆಸರು ಬರೆಯುವುದೊಂದೇ ಉಳಿಯಿತು.

“ನಿಮ್ಮ ಹೆಸರೇ ಬರೀತೀನಿ ಸಾರ್. ಮುಕ್ಕಾಲು ನೀವೇ ಮಾಡಿದ್ದಲ್ವಾ?”

ನಾನು ನಕ್ಷೆಯ ಮೇಲಿನ ಅವರ ಅಕ್ಷರಗಳನ್ನು ನೋಡಿದೆ. ನನ್ನ ಹೆಸರು ಆ ಅಕ್ಷರಗಳಲ್ಲಿ, ನಾನು ಎಂದೂ ಬರೆಯಲಾರದಷ್ಟು ಚೆಂದವಾಗಿ, ಅವರ ದಯೆಯಿಂದ ಅಲ್ಲಿ ಕೂರುವುದನ್ನು ನೆನೆದೇ ಹೊಟ್ಟೆಯ ಉರಿ ಮತ್ತೆ ಎದ್ದಿತು. ಈ ಸಲ ಕಾಫಿಯ ಕಾರಣವಿರಲಿಲ್ಲ.

“ಬ್ಯಾಡ್ರಿ. ನಿಮ್ಮದ ಬರೀರಿ” ಎಂದೆ.

ಸಾಹೇಬರು ನನ್ನ ದೊಡ್ಡತನವನ್ನು ಎಲ್ಲರೆದುರು ಹೊಗಳಿದರು. ಹುದ್ದೆ ಮೈಸೂರಿನವರಿಗೆ ಹೋಯಿತು.

ಎರಡು ವಾರಗಳಲ್ಲಿ ನಿದ್ದೆ ಮರಳಿತು, ಎದೆಬಡಿತ ತಗ್ಗಿತು, ಕೈ ಮೊದಲಿನಂತಾಯಿತು. ನಾನು ಡ್ರಾಫ್ಟ್ಸ್‌ಮನ್ ಆದದ್ದು ಆರು ವರ್ಷಗಳ ಮೇಲೆ, ಜೇವರ್ಗಿಯಲ್ಲಿ. ಅಲ್ಲಿಗೆ ಒಮ್ಮೆ ಅದೇ ನಕ್ಷೆ ನಕಲಿಗಾಗಿ ಬಂತು. ಕಿಟಕಿಯ ಬೆಳಕಿಗೆ ಹಿಡಿದೆ. ಗೊಬ್ಬೂರದ ಹತ್ತಿರ ಬಟ್ಟೆ ತೆಳುವಾಗಿ, ಬೆಳಕು ಹೆಚ್ಚಾಗಿ ಹಾಯುತ್ತಿತ್ತು. ಅದರ ಎಡಕ್ಕೆ ನನ್ನ ಗೆರೆ, ಬಲಕ್ಕೆ ಅವರದು. ನನ್ನದರ ಕೊನೆಯ ಒಂದು ಗೇಣು ಸಣ್ಣಗೆ ಅಲುಗಿತ್ತು.

ಚಹಾ ತರಿಸಲೇ ಎಂದು ಪಕ್ಕದ ಗುಮಾಸ್ತರು ಕೇಳಿದರು. ಅರ್ಧ ಕಪ್ ಸಾಕೆಂದು ಹೇಳಿ, ಮೈಸೂರಿನವರ ಕಾಲುಭಾಗದಲ್ಲಿ ಎಲ್ಲಿಯಾದರೂ ಒಂದು ಗೆರೆ ತಪ್ಪಿದೆಯೇ ಎಂದು ಮತ್ತೆ ಮೊದಲಿನಿಂದ ಹುಡುಕತೊಡಗಿದೆ.