ಖಾಲಿ ಹೊಟ್ಟೆಯ ಮಾತ್ರೆ

ನಿಮ್ಮ ತಾತ ಹೋಗಿ ಎರಡು ವರ್ಷ ತುಂಬುವ ಹೊತ್ತಿಗೆ ನನಗೆ ಸುಸ್ತು ಶುರುವಾಯಿತು. ಕೆಲಸ ಮಾಡಿದ ಸುಸ್ತು ನನಗೆ ಗೊತ್ತು, ಅದು ರಾತ್ರಿ ಮಲಗಿದರೆ ಬೆಳಗ್ಗೆ ಇರುವುದಿಲ್ಲ. ಇದು ನನಗಿಂತ ಮುಂಚೆ ಎದ್ದು ಕೂತಿರುತ್ತಿತ್ತು. ಅಕ್ಕಿ ಆರಿಸುತ್ತಾ ಮೊರ ತೊಡೆಯ ಮೇಲಿರುವಂತೆಯೇ ತೂಕಡಿಸುತ್ತಿದ್ದೆ. ಕೊಬ್ಬರಿ ಅಟ್ಟಕ್ಕೆ ಏಣಿ ಹತ್ತುವಾಗ ನಾಲ್ಕನೇ ಮೆಟ್ಟಿಲಲ್ಲಿ ನಿಂತು, ಏನೋ ಮರೆತವಳ ಹಾಗೆ ಮುಖ ಮಾಡಿಕೊಂಡು ಇಳಿದು ಬರುತ್ತಿದ್ದೆ. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ಯುಗಾದಿಯ ಬಿಸಿಲಿನಲ್ಲಿ ಎಲ್ಲರೂ ಬೀಸಣಿಗೆ ಹುಡುಕುತ್ತಿದ್ದರೆ ನಾನು ಸ್ವೆಟರ್ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದೆ.

ಊರಿನವರು ಡಾಕ್ಟರಿಗಿಂತ ಮುಂಚೆಯೇ ಇದಕ್ಕೆ ಹೆಸರಿಟ್ಟಿದ್ದರು. "ಪಾಪ, ಯಜಮಾನ್ರು ಹೋದ ಕೊರಗು ಕಣ್ರೀ. ಒಳಗೊಳಗೇ ಸೊರಗೋಗವ್ರೆ." ನಾನು ಇಲ್ಲ ಅನ್ನಲಿಲ್ಲ. ಸೋಮಾರಿ ಅನ್ನಿಸಿಕೊಳ್ಳುವುದಕ್ಕಿಂತ ಅದು ಮರ್ಯಾದೆಯ ಕಾಯಿಲೆ. ಬರಬರುತ್ತಾ ನಾನೂ ನಂಬಿದೆ. ಬದುಕಿದ್ದಾಗ ಅವರ ಜತೆ ನಾನು ಆಡಿದ ಮಾತೇ ಕಡಿಮೆ. ಸತ್ತ ಮೇಲೆ ಇಷ್ಟು ಕೊರಗುತ್ತಿದ್ದೇನಲ್ಲ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಆ ಬೇಸಿಗೆಯಲ್ಲೇ ನಿಮ್ಮಮ್ಮ ಬಸುರಿ ಎಂದು ಸುದ್ದಿ ಬಂತು. ದೊಡ್ಡವಳೇ, ಆ ಹೊಟ್ಟೆಯಲ್ಲಿದ್ದವಳು ನೀನು. ಚೊಚ್ಚಲ ಬಾಣಂತನ ತವರಿನದು. ನನಗೆ ಇರುವವಳೇ ಒಬ್ಬಳು ಮಗಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದು, ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಹುಯ್ಯುವುದು, ಇವೆಲ್ಲ ತಾಯಿಯಾದವಳು ಮಾಡಬೇಕು. ನನಗೋ ತುಂಬಿದ ತಂಬಿಗೆ ಎತ್ತಿದರೆ ತೋಳು ಸೋಲುತ್ತಿತ್ತು. ಈ ವಿಷಯ ಅಮ್ಮಸಂದ್ರದ ನಿಮ್ಮ ಅಜ್ಜಿಗೆ, ಅಂದರೆ ನಿಮ್ಮಪ್ಪನ ಅಮ್ಮನಿಗೆ, ಹೇಗೋ ತಲುಪಿತು. ಫೋನು ಮಾಡಿದರು.

"ಬೀಗ್ರೆ, ಸಂಕೋಚ ಬ್ಯಾಡ. ನಿಮ್ ಕೈಲಾಗಲ್ಲ ಅಂದ್ರೆ ಹೇಳ್ಬುಡಿ, ಬಾಣಂತನ ಇಲ್ಲೇ ಮಾಡಾನ. ಮಗೀಗೆ ನೀರು ಹಾಕಾಕೆ ಒಬ್ಬ ಹೆಂಗಸ್ನ ನೋಡಿಟ್ಟಿವ್ನಿ."

"ಆಗುತ್ತೆ ಬೀಗ್ರೆ," ಅಂದೆ. ಇನ್ನೂ ಒಂದು ಮಾತು ಸೇರಿಸಬೇಕಿತ್ತು, ಬಾಯಿಗೆ ಬರಲಿಲ್ಲ. ಫೋನಿಟ್ಟ ಮೇಲೆ ಬಂತು. ನನಗೆ ಮಾತು ಯಾವಾಗಲೂ ಆಗಲೇ ಬರುವುದು.

ಮಾರನೇ ವಾರ ನನ್ನ ವಾರಗಿತ್ತಿ, ನಿಮ್ಮ ಚಿಕ್ಕಜ್ಜಿ, ನನ್ನನ್ನು ತಿಪಟೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ನಿಮ್ಮಪ್ಪನ ವಯಸ್ಸಿನವರು. "ಮುಟ್ಟು ನಿಂತು ಎಷ್ಟು ವರ್ಷ ಆಯ್ತಮ್ಮ?" ಎಂದು, ನಿಮ್ಮೂರಲ್ಲಿ ಮಳೆ ಆಯ್ತಾ ಅನ್ನುವ ಹಾಗೆ ಕೇಳಿದರು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದೆ. ಅವರೂ ತಿರುಗಿ ಕ್ಯಾಲೆಂಡರ್ ನೋಡಿದರು. ಕೊನೆಗೆ ಚಿಕ್ಕಜ್ಜಿಯೇ "ಎಂಟು ವರ್ಷ ಸಾರ್" ಅಂದಳು. ಆಮೇಲಿನ ಪ್ರಶ್ನೆಗಳಿಗೂ ಅವಳೇ ಉತ್ತರ ಕೊಟ್ಟಳು, ಹೇಳಬಾರದವಕ್ಕೂ. ನಾನು ಕೊಟ್ಟದ್ದು ರಕ್ತ ಮಾತ್ರ. ರಕ್ತಕ್ಕೆ ನನ್ನಷ್ಟು ನಾಚಿಕೆ ಇರಲಿಲ್ಲ, ಸಾಯಂಕಾಲದೊಳಗೆ ಎಲ್ಲವನ್ನೂ ಹೇಳಿಬಿಟ್ಟಿತು.

"ಥೈರಾಯ್ಡ್ ಹಾರ್ಮೋನು ಕಡಿಮೆ ಇದೆ," ಅಂದರು ಡಾಕ್ಟರು. ಕುತ್ತಿಗೆಯ ಹತ್ತಿರ ಚಿಟ್ಟೆಯಂಥ ಒಂದು ಗ್ರಂಥಿ ಇದೆಯಂತೆ, ಅದು ಸೋತಿದೆಯಂತೆ. ಹಾಗಾದರೆ ಇದು ಕೊರಗು ಅಲ್ಲವಾ ಅಂತ ಕೇಳಬೇಕೆನ್ನಿಸಿತು, ಕೇಳಲಿಲ್ಲ. ಬಸ್ಸಿನಲ್ಲಿ ಬರುವಾಗ, ಇಷ್ಟು ದಿನದ ನನ್ನ ದುಃಖದಲ್ಲಿ ನಿಮ್ಮ ತಾತನದು ಎಷ್ಟು, ಚಿಟ್ಟೆಯದು ಎಷ್ಟು ಎಂದು ಯೋಚಿಸುತ್ತಾ ಕೂತೆ. ಅವರಿಗೆ ಮೋಸವಾದ ಹಾಗೆ ಅನ್ನಿಸಿತು.

ಮಾತ್ರೆ ಸಾಸಿವೆಗಿಂತ ಸ್ವಲ್ಪ ದೊಡ್ಡದು. ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಎಂದು ಹೇಳಿ ಕಳಿಸಿದ್ದರು. ಖಾಲಿ ಹೊಟ್ಟೆ ಅಂದರೆ ಏನು ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ: ಮುದ್ದೆ ಬೀಳದ ಹೊಟ್ಟೆ. ಸೋಮವಾರ ಒಪ್ಪತ್ತು ಮಾಡುವಾಗ ಎರಡು ಲೋಟ ಕಾಫಿ, ಒಂದು ತಟ್ಟೆ ಅವಲಕ್ಕಿ, ಬಾಳೆಹಣ್ಣು ಎಲ್ಲ ಆದ ಮೇಲೂ "ಬೆಳಗಿಂದ ಖಾಲಿ ಹೊಟ್ಟೆ" ಅನ್ನುತ್ತೇವೆ. ಶಿವ ಇವತ್ತಿನವರೆಗೆ ತಕರಾರು ಮಾಡಿಲ್ಲ. ಹಾಗಾಗಿ ನಾನು ಎದ್ದು, ಮನೆಗೆಲಸ ನೋಡಿ, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ (ಅದಕ್ಕೆ ಮುಂಚೆ ಗುಟುಕು ನೀರನ್ನೂ ಕುಡಿದವಳಲ್ಲ), ಕಾಫಿ ರೊಟ್ಟಿ ಆದ ಮೇಲೆ, ಊಟಕ್ಕೆ ಎಷ್ಟೋ ಹೊತ್ತಿಗೆ ಮುಂಚೆ, ತಪ್ಪದೆ ಮಾತ್ರೆ ನುಂಗುತ್ತಿದ್ದೆ.

ಒಂದೂವರೆ ತಿಂಗಳಿಗೆ ಮತ್ತೆ ರಕ್ತ ಕೊಟ್ಟೆವು. ಎಲ್ಲ ಇದ್ದ ಹಾಗೇ ಇತ್ತು.

"ಊಟಕ್ಕೆ ಮುಂಚೆ ತಾನೆ ತಗೋತಿರೋದು?" ಡಾಕ್ಟರು ಕೇಳಿದರು.

"ಮುಂಚೇನೇ ಸಾರ್. ದಿನಾ ನಾನೇ ನೋಡ್ತೀನಲ್ಲ," ಅಂದಳು ಚಿಕ್ಕಜ್ಜಿ. ಅವಳು ಸುಳ್ಳು ಹೇಳಲಿಲ್ಲ.

ಇಪ್ಪತ್ತೈದರ ಮಾತ್ರೆ ಐವತ್ತಾಯಿತು, ಮತ್ತೊಂದು ಸಲ ಎಪ್ಪತ್ತೈದಾಯಿತು, ಕೊನೆಗೆ ನೂರು. ಮೂಳೆ ನೋವಿಗೆ ಕ್ಯಾಲ್ಸಿಯಂ ಸೇರಿತು, ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಸೇರಿತು. ಪಕ್ಕದ ಮನೆಯವರು ನುಗ್ಗೆಸೊಪ್ಪಿನ ಪುಡಿ ಕೊಟ್ಟರು. ಅಮ್ಮಸಂದ್ರದ ಅಜ್ಜಿ ಫೋನಿನಲ್ಲಿ ನೋಡಿ ತರಿಸಿದ ಒಂದು ಡಬ್ಬಿ ಪೌಡರ್ ಕಳಿಸಿದರು. ಹೆಂಗಸರ ಹಾರ್ಮೋನನ್ನೆಲ್ಲ ತಕ್ಕಡಿಯ ಹಾಗೆ ಸಮ ಮಾಡುತ್ತದಂತೆ. ಅದಕ್ಕೆ ಸ್ಟ್ರಾಬೆರಿ ವಾಸನೆ ಇತ್ತು. ಯಾವುದೂ ಮರೆತುಹೋಗದಿರಲಿ ಎಂದು ನಾನು ಎಲ್ಲವನ್ನೂ ಒಂದು ಬಟ್ಟಲಿಗೆ ಹಾಕಿಕೊಂಡು ತಿಂಡಿಯ ಹೊತ್ತಿಗೇ ಮುಗಿಸಿಬಿಡುತ್ತಿದ್ದೆ.

"ಅಕ್ಕ, ನಿಂಗೆ ತಿಂಡಿ ಬ್ಯಾಡ ಬುಡು," ಅನ್ನುತ್ತಿದ್ದಳು ಚಿಕ್ಕಜ್ಜಿ. "ಮಾತ್ರೇಲೇ ಹೊಟ್ಟೆ ತುಂಬ್ತದೆ."

ಆ ವರ್ಷ ತೋಟದಲ್ಲೂ ಹೀಗೇ ಆಗಿತ್ತು. ತೆಂಗಿನ ಎಳೆಗಾಯಿ ನಿಲ್ಲದೆ ಉದುರುತ್ತಿದ್ದವು. ನಿಮ್ಮ ಚಿಕ್ಕತಾತ, ನನ್ನ ಮೈದುನ, ಮರಗಳಿಗೆ ಟಾನಿಕ್ ತಂದಿದ್ದರು. ಪೆನ್ಸಿಲ್ ದಪ್ಪದ ಒಂದು ಬೇರನ್ನು ಹುಡುಕಿ, ಓರೆಯಾಗಿ ಕೊಯ್ದು, ಟಾನಿಕ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಇಳಿಬಿಟ್ಟು ದಾರ ಸುತ್ತುತ್ತಾರೆ. ಮರ ತಾನೇ ಹೀರಿಕೊಳ್ಳುತ್ತದೆ. "ಇದ್ರಲ್ಲೂ ಹಾರ್ಮೋನ್ ಐತೆ ಅತ್ತಿಗೆ," ಎಂದು ನನಗೆ ತೋರಿಸಿದ್ದರು. ಯಾವ ಮರ ಎಷ್ಟು ಕುಡಿಯಿತು ಎಂದು ಸಂಜೆ ಹೋಗಿ ನೋಡಿ ಬರುತ್ತಿದ್ದರು. ಗೊಬ್ಬರದ ವಿಷಯದಲ್ಲಂತೂ ಅವರು ಬಹಳ ಕಟ್ಟುನಿಟ್ಟು. ಮರದ ಬುಡಕ್ಕೆ ಸುಣ್ಣ ಹಾಕಿದರೆ ಕೆಲವು ವಾರ ಗೊಬ್ಬರದ ಚೀಲ ಬಿಚ್ಚುವಂತಿಲ್ಲ, ಎರಡೂ ಒಟ್ಟಿಗೆ ಬಿದ್ದರೆ ಸುಣ್ಣ ಗೊಬ್ಬರದ ಸಾರವನ್ನು ತಿಂದುಹಾಕುತ್ತದೆ. ಅವರು ಊರಲ್ಲಿಲ್ಲದ ದಿನ ಆಳುಗಳಿಗೆ ಇದನ್ನು ನಾನೇ ಹೇಳುತ್ತಿದ್ದೆ. ನಾನು ಗಟ್ಟಿಯಾಗಿ ಹೇಳುತ್ತಿದ್ದ ಮಾತು ಇಡೀ ವರ್ಷದಲ್ಲಿ ಅದೊಂದೇ.

ಸೀಮಂತ ಮುಗಿಸಿಕೊಂಡು ಏಳನೇ ತಿಂಗಳಿನಲ್ಲಿ ನಿಮ್ಮಮ್ಮ ಬಂದಳು. ಬಸುರಿನಲ್ಲಿ ಅವಳಿಗೂ ಅದೇ ಮಾತ್ರೆ ಬರೆದುಕೊಟ್ಟಿದ್ದರು. ಐದು ಗಂಟೆಗೇ ಎದ್ದು ಮಾತ್ರೆ ನುಂಗಿ, ಒಂದು ಗಂಟೆ ಕಾಫಿಯೂ ಇಲ್ಲದೆ ಕೂತಿರುತ್ತಿದ್ದಳು. ಬಸುರಿ ಹೆಂಗಸಿಗೆ ಇದೆಂಥ ಶಿಕ್ಷೆ ಎಂದು ನನಗೆ ಅನ್ನಿಸುತ್ತಿತ್ತು. ಬಂದ ಎರಡನೇ ದಿನ ತಿಂಡಿಗೆ ಕೂತಾಗ ಅವಳು ನನ್ನ ಬಟ್ಟಲು ನೋಡಿದಳು.

"ಅಮ್ಮ, ಇಷ್ಟನ್ನೂ ಒಟ್ಟಿಗೆ ನುಂಗ್ತೀಯಾ?"

"ಇಲ್ಲ ಕಣೇ, ಒಂದೊಂದೇ. ಒಟ್ಟಿಗೆ ನುಂಗಿದ್ರೆ ಗಂಟಲಿಗೆ ಸಿಕ್ಕಿಕೊಳ್ಳಲ್ವಾ?"

"ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೇಲಿ ಅಂತ ಹೇಳಿಲ್ವಾ ಡಾಕ್ಟ್ರು?"

"ಖಾಲಿ ಹೊಟ್ಟೇಲೇ. ಕಾಫಿ, ಎರಡು ರೊಟ್ಟಿ ಬಿಟ್ರೆ ಇನ್ನೇನೂ ತಿಂದಿಲ್ಲ."

ನಿಮ್ಮಮ್ಮ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಮಗುವಿಗೆ ಹೇಳಿಕೊಡುವ ದನಿಯಲ್ಲಿ, ಬರೀ ನೀರಿನ ಜತೆ ತಗೋಬೇಕು, ಕ್ಯಾಲ್ಸಿಯಮ್ಮೂ ಕಬ್ಬಿಣವೂ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ, ನಡುವೆ ನಾಲ್ಕು ಗಂಟೆ ಬಿಡುವು ಇರಬೇಕು ಅಂದಳು. ನನಗೆ ತಲೆಗೆ ಹೋಗಲಿಲ್ಲ. ಒಳ್ಳೆಯದಕ್ಕೆ ಇನ್ನೊಂದು ಒಳ್ಳೆಯದು ಹೇಗೆ ಅಡ್ಡಬರುತ್ತದೆ?

ರೊಟ್ಟಿ ಮುರಿಯುತ್ತಿದ್ದ ಚಿಕ್ಕತಾತ ನಕ್ಕರು. "ಅತ್ತಿಗೆ, ಕ್ಯಾಲ್ಸಿಯಂ ಅಂದ್ರೆ ಸುಣ್ಣ ಕಣ್ರೀ. ಸುಣ್ಣಾನೂ ಗೊಬ್ಬರಾನೂ ಒಂದೇ ದಿನ ಹಾಕ್ಕೊಂಡು ಕೂತಿದೀರಲ್ಲ."

ಆಗ ತಿಳಿಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೆ ಚಿಕ್ಕಜ್ಜಿ ಒಲೆಯ ಮುಂದಿನಿಂದಲೇ ಅಂದಳು: "ಯಾವ ಮರ ಎಷ್ಟು ಕುಡೀತು ಅಂತ ಸಂಜೆ ಸಂಜೆ ಹೋಗಿ ನೋಡ್ತೀರಿ. ಪಕ್ಕದಲ್ಲೇ ಕೂತು ನಾಕು ತಿಂಗ್ಳಿಂದ ರೊಟ್ಟಿ ತಿಂತಿದೀರಲ್ಲ, ಅಕ್ಕ ಏನು ನುಂಗ್ತವ್ಳೆ ಅಂತ ಕಾಣ್ಲಿಲ್ವಾ?" ಚಿಕ್ಕತಾತ ಇನ್ನೊಂದು ರೊಟ್ಟಿ ಕೇಳಿದರು.

ಒಂದೇ ತೊಡಕು ಉಳಿಯಿತು. ಪೂಜೆಗೆ ಮುಂಚೆ ನಾನು ನೀರು ಕುಡಿಯುವುದಿಲ್ಲ, ಮಾತ್ರೆ ಎದ್ದ ಕೂಡಲೇ ಆಗಬೇಕು. ನಿಮ್ಮಮ್ಮ ಪೂಜೆಯನ್ನೇ ಹಿಂದಕ್ಕೆ ಎಳೆದಳು. ನಾಲ್ಕೂವರೆಗೆ ಸ್ನಾನ, ಐದಕ್ಕೆ ಪೂಜೆ. ಲಿಂಗಕ್ಕೆ ಎರೆದ ನೀರನ್ನು ಪಾದೋದಕವೆಂದು ಹೇಗೂ ಕುಡಿಯುತ್ತೇನಲ್ಲ, ಅದರಲ್ಲೇ ಮಾತ್ರೆಯನ್ನೂ ನುಂಗಿದೆ. ಮೊದಲ ದಿನ ಸ್ವಲ್ಪ ಅಳುಕಿತ್ತು, ಮಾತ್ರೆಯೊಳಗೆ ಏನೇನು ಕಲಸಿರುತ್ತಾರೋ ಎಂದು. ಆಮೇಲೆ, ನುಂಗಿದ್ದು ಶಿವನ ಜವಾಬ್ದಾರಿ ಎಂದು ಬಿಟ್ಟೆ. ಕ್ಯಾಲ್ಸಿಯಂ ಮಧ್ಯಾಹ್ನಕ್ಕೆ ಹೋಯಿತು, ಕಬ್ಬಿಣ ಸಂಜೆಗೆ. ಪೌಡರನ್ನು ಏನು ಮಾಡಿದೆ ಎಂದು ಅಮ್ಮಸಂದ್ರದ ಅಜ್ಜಿಗೆ ನೀವು ಹೇಳಬಾರದು. ಡಬ್ಬಿಯಲ್ಲಿ ಈಗ ಕೊತ್ತಂಬರಿ ಬೀಜ ಇದೆ.

"ನಾಳೇನೇ ಹೋಗಿ ಡಾಕ್ಟ್ರಿಗೆ ಹೇಳಿ ಬಾ. ಇಷ್ಟು ದಿನ ತಪ್ಪಾಗಿ ತಗೋತಿದ್ದೆ ಅನ್ನು," ಎಂದಳು ನಿಮ್ಮಮ್ಮ. "ಹೂಂ" ಅಂದೆ. ಹೋಗಲಿಲ್ಲ. ಖಾಲಿ ಹೊಟ್ಟೆ ಅಂದರೆ ಗೊತ್ತಿರಲಿಲ್ಲ ಸಾರ್ ಎಂದು ಆ ಹುಡುಗನ ಮುಂದೆ ಹೇಗೆ ಹೇಳುವುದು? ನೂರರ ಮಾತ್ರೆಯನ್ನೇ ಮುಂದುವರಿಸಿದೆ.

ಒಂದೂವರೆ ತಿಂಗಳಿಗೆ ನನಗೆ ಶಕ್ತಿ ಬಂತು. ಬಂತು ಅಂದರೆ, ಮನೆ ಹಿಡಿಸದಷ್ಟು ಬಂತು. ಸ್ವೆಟರ್ ಬಿಚ್ಚಿದೆ. ಅಟ್ಟ ಹತ್ತಿ ಇಡೀ ಅಟ್ಟ ಗುಡಿಸಿದೆ. ಹಳೆಯ ಸೀರೆಗಳನ್ನೆಲ್ಲ ಒಗೆದು ಕೂಸಿಗೆ ಬಟ್ಟೆ ಮಾಡಿದೆ. ನಿದ್ದೆ ಕಡಿಮೆಯಾಯಿತು, ಸುಮ್ಮನೆ ಕೂತಾಗಲೂ ಎದೆ ಡವಡವ ಅನ್ನುತ್ತಿತ್ತು, ಲೋಟ ಹಿಡಿದರೆ ಕಾಫಿ ತುಳುಕುತ್ತಿತ್ತು. ಶಕ್ತಿ ಬಂದವರಿಗೆ ಹೀಗೆಲ್ಲ ಆಗುತ್ತದೇನೋ ಅಂದುಕೊಂಡೆ. ನಾನು ಶಕ್ತಿ ನೋಡಿ ಬಹಳ ದಿನವಾಗಿತ್ತು.

ದೊಡ್ಡವಳೇ, ನೀನು ಹುಟ್ಟಿ ಮನೆಗೆ ಬಂದೆ. ಮೊದಲ ನೀರು ಹಾಕುವ ದಿನ ಅಮ್ಮಸಂದ್ರದ ಅಜ್ಜಿಯೂ ಬಂದರು. ಬಚ್ಚಲ ಬಾಗಿಲಿಗೆ ಮಣೆ ಎಳೆದುಕೊಂಡು ಕೂತರು, ನೋಡಲಿಕ್ಕೆ ಅಂತಲೇ. ನಾನು ಕಾಲು ಚಾಚಿ ನಿನ್ನನ್ನು ಕವುಚಿ ಮಲಗಿಸಿಕೊಂಡೆ. ತಂಬಿಗೆ ಎತ್ತಿದೆ. ಭಾರವೇನೂ ಅನ್ನಿಸಲಿಲ್ಲ, ಆದರೆ ಕೈ ನಿಲ್ಲಲಿಲ್ಲ. ಬೆನ್ನಿಗೆ ಬೀಳಬೇಕಾದ ನೀರು ನನ್ನ ಸೀರೆಗೆ ಬಿತ್ತು, ಮತ್ತೊಂದು ಸಲ ನಿನ್ನ ಕಿವಿಯ ಪಕ್ಕ ಹರಿಯಿತು. ನೀನು ಕಿರುಚಿದೆ. ನನ್ನ ಕೈ ಇನ್ನೂ ಜೋರಾಗಿ ನಡುಗಿತು.

"ಬೀಗ್ರೆ, ಕೈ ನಡುಗ್ತದಲ್ಲ," ಅಂದರು ಅವರು. ಕೊಂಕೇನೂ ಇರಲಿಲ್ಲ, ಹೆದರಿದ್ದರು. ಈಗ ಇನ್ನೊಂದು ಮಾತು ಬರುತ್ತದೆ, ಮಗಳೂ ಮೊಮ್ಮಗಳೂ ಇವತ್ತೇ ಅಮ್ಮಸಂದ್ರದ ಕಾರು ಹತ್ತುತ್ತಾರೆ ಎಂದು ನನಗೆ ಗೊತ್ತಾಯಿತು.

ಚಿಕ್ಕಜ್ಜಿ ಸೀರೆ ಎತ್ತಿ ಕಟ್ಟಿಕೊಂಡು ಒಳಗೆ ಬಂದು ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡಳು. "ಸುಮ್ಕೆ ಹಿಡ್ಕೋ ಅಕ್ಕ, ನನ್ನ ಬಿಟ್ಬುಟ್ಟು ಶುರು ಮಾಡಿದ್ಯಾ?" ಅಂದಳು. ಆಮೇಲೆ ಬಾಗಿಲ ಕಡೆ ತಿರುಗಿ, "ನಮ್ಮ ಮನೇಲಿ ಹಂಗೇ ಬೀಗ್ರೆ. ಕಾಲು ಒಬ್ರದು, ಕೈ ಒಬ್ರದು. ನಮ್ಮತ್ತೆ ಕಾಲದಿಂದ ಬಂದ ಪದ್ಧತಿ. ಒಬ್ರೇ ಎರೆದ್ರೆ ಮಗೀಗೆ ಆಗಲ್ಲ."

ಅಂಥ ಪದ್ಧತಿಯನ್ನು ನಾನು ಆವತ್ತೇ ಕೇಳಿದ್ದು. ನಮ್ಮತ್ತೆ ಮೂರು ಕೂಸಿಗೆ ಒಬ್ಬರೇ ಎರೆದವರು.

"ಔದಾ?" ಅಂದರು ಅಮ್ಮಸಂದ್ರದ ಅಜ್ಜಿ. "ನಮ್ಮ ಕಡೆ ಇದು ಇಲ್ಲ ಕಣ್ರೀ." ಸ್ವಲ್ಪ ನೊಂದುಕೊಂಡ ಹಾಗೆ ಹೇಳಿದರು. ಚಿಕ್ಕಜ್ಜಿ ಹುಯ್ದಳು, ನಾನು ಹಿಡಿದುಕೊಂಡೆ. ನೀನು ಅಳು ನಿಲ್ಲಿಸಿ ಮಲಗಿಬಿಟ್ಟೆ. ಬಾಣಂತನ ನಮ್ಮ ಮನೆಯಲ್ಲೇ ಉಳಿಯಿತು.

ಮಾರನೇ ದಿನ ನಾನೊಬ್ಬಳೇ ಬಸ್ಸು ಹತ್ತಿ ತಿಪಟೂರಿಗೆ ಹೋದೆ. ಡಾಕ್ಟರ ಮುಂದೆ ಕೂತು, ಕ್ಯಾಲೆಂಡರ್ ನೋಡದೆ, ಕಾಫಿಯಿಂದ ಹಿಡಿದು ಸುಣ್ಣದವರೆಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಊಟಕ್ಕೆ ಮುಂಚೆ ಎಂದು ಕೇಳಿದ್ದು ತಮ್ಮದೂ ತಪ್ಪು ಅಂದರು. ರಕ್ತ ನೋಡಿ, ಈಗ ಹಾರ್ಮೋನು ಹೆಚ್ಚಾಗಿದೆ, ಅದಕ್ಕೇ ನಡುಕ ಎಂದು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಕೈ ನೆಟ್ಟಗಾಗಲು ಎರಡು ತಿಂಗಳು ಬೇಕಾಯಿತು. ಅಷ್ಟು ದಿನವೂ ಇಬ್ಬರೂ ಸೇರಿಯೇ ಎರೆದೆವು.

ಚಿಕ್ಕವನೇ, ನೀನು ಹುಟ್ಟಿದ್ದು ಮೂರು ವರ್ಷದ ಮೇಲೆ, ಅಮ್ಮಸಂದ್ರದಲ್ಲಿ. ನಾನು ಹೋಗಿದ್ದೆ. ಆಗ ನನ್ನ ಕೈ ಎಷ್ಟು ಗಟ್ಟಿಯಾಗಿತ್ತೆಂದರೆ ಹಂಡೆಯನ್ನೇ ಎತ್ತಿ ಹುಯ್ಯುತ್ತಿದ್ದೆ. ಅದನ್ನು ಅವರಿಗೆ ತೋರಿಸಬೇಕೆಂಬ ಆಸೆಯೂ ಇತ್ತು. ಸೀರೆ ಎತ್ತಿ ಕಟ್ಟಿ, ತಂಬಿಗೆ ಪಕ್ಕದಲ್ಲಿಟ್ಟುಕೊಂಡು ಕೂತೆ. ನಿಮ್ಮ ಅಮ್ಮಸಂದ್ರದ ಅಜ್ಜಿ ಬಂದವರೇ ತಂಬಿಗೆ ಎತ್ತಿಕೊಂಡರು.

"ಪದ್ಧತಿ ಬುಡಬಾರ್ದು ಬೀಗ್ರೆ," ಅಂದರು. "ಈಗ ನಮ್ಮ ಬೀದೀಲಿ ಎಲ್ರೂ ಹಂಗೇ ಎರೀತವ್ರೆ."

ನಾನು ಕಾಲು ಚಾಚಿದೆ.