ಪ್ಲಾಸ್ಟರಮ್ಮ ಕಟ್ಟಿದ ದೋಣಿ

ಆಸ್ಪತ್ರೆಯ ಮೂಳೆ ವಿಭಾಗದಲ್ಲಿ, ಉದ್ದದ ಓಣಿಯ ಕೊನೆಗೆ, ಪ್ಲಾಸ್ಟರ್ ಕೋಣೆ ಇತ್ತು. ನೆಲದ ಮೇಲೆ ಸದಾ ಬಿಳಿ ಪುಡಿ, ಮೂಲೆಯಲ್ಲೊಂದು ಸಿಮೆಂಟಿನ ತೊಟ್ಟಿ, ಗೋಡೆಯ ಮೊಳೆಗೆ ನೇತುಹಾಕಿದ ರಬ್ಬರ್ ಏಪ್ರನ್. ಆ ಕೋಣೆಯಲ್ಲೇ ಅರ್ಧ ಆಯುಷ್ಯ ಕಳೆದ ಹೆಂಗಸನ್ನು ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಕರೆಯುತ್ತಿದ್ದದ್ದು ಪ್ಲಾಸ್ಟರಮ್ಮ ಎಂದೇ. ಮರದಿಂದ ಬಿದ್ದ ಮಕ್ಕಳು, ಬಚ್ಚಲಲ್ಲಿ ಜಾರಿದ ಮುದುಕರು, ಗೋಲು ಹೊಡೆಯಲು ಹೋಗಿ ಕಂಬಕ್ಕೇ ಕಾಲು ಬೀಸಿದ ಪಡ್ಡೆಗಳು, ಎಲ್ಲರೂ ಆ ಕೈಯ ಕೆಳಗೆ ಮಲಗಿ ಎದ್ದವರೇ. "ಅಳ್ಬೇಡ ಮರಿ, ಕೈಗೊಂದು ಗಟ್ಟಿ ಅಂಗಿ ತೊಡಿಸ್ತಾ ಇದೀನಿ ಅಷ್ಟೇ" ಎನ್ನುತ್ತಾ ಒದ್ದೆ ಪಟ್ಟಿಯನ್ನು ಸುತ್ತುತ್ತಿದ್ದರು. ಅಳುತ್ತಿದ್ದ ಮಗು ತನ್ನ ಕೈ ಬಿಸಿಯಾಗುವುದನ್ನು ನೋಡಿ ಬೆರಗಾಗಿ ಅಳುವುದನ್ನೇ ಮರೆಯುತ್ತಿತ್ತು.

ಗಂಡ ಬೇಗ ತೀರಿಕೊಂಡಿದ್ದ. ಒಬ್ಬಳೇ ಮಗಳು. ನಿವೃತ್ತಿಯಾದ ಮೇಲೆ ಪ್ಲಾಸ್ಟರಮ್ಮ ಮಗಳ ಮನೆಗೇ ಬಂದು ಉಳಿದರು. ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ, ಕೈಗೆ ಕೆಲಸ ಇರಲಿಲ್ಲ ಅನ್ನುವುದನ್ನು ಬಿಟ್ಟರೆ. ಹಿಟ್ಟು ಕಲಸಲು ಕೂತರೆ ಅದನ್ನು ಒತ್ತಿ, ಸವರಿ, ತಿರುಗಿಸಿ, ಮತ್ತೆ ಸವರಿ, ಬಿಡುತ್ತಲೇ ಇರಲಿಲ್ಲ. "ಅಮ್ಮಾ, ಅದು ಹಿಟ್ಟು. ಯಾರ ಮೊಣಕಾಲೂ ಅಲ್ಲ. ಬಿಡು ಅದನ್ನ" ಎಂದು ಮಗಳು ಕಿತ್ತುಕೊಳ್ಳುತ್ತಿದ್ದಳು.

ಅಳಿಯ ಶಾಲೆಯ ಬಸ್ ಓಡಿಸುವವನು. ಒಳ್ಳೆಯವನೇ, ಆದರೆ ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವಂಥ ಆಸಾಮಿ. ದಿನವಿಡೀ ಮಕ್ಕಳ ಗಲಾಟೆ ಕೇಳಿ ಕೇಳಿ ಅವನಿಗೆ ಮನೆಯಲ್ಲಿ ಸದ್ದಿಲ್ಲದೆ ಇದ್ದರೆ ಸಾಕಾಗಿತ್ತು. ಅತ್ತೆಗೂ ಅವನಿಗೂ ಜಗಳವಿಲ್ಲ, ಮಾತೂ ಇಲ್ಲ. ಒಂದೇ ಮೇಜಿನ ಆಚೆ ಈಚೆ ಕೂತಿದ್ದರೂ ಪ್ಲಾಸ್ಟರಮ್ಮ "ಅವರಿಗೆ ಇನ್ನೊಂದು ಲೋಟ ಕಾಫಿ ಬೇಕೇನೋ ಕೇಳೇ" ಎನ್ನುವರು. ಅವನು "ಸಾಕು ಅಂತ ಹೇಳು" ಎನ್ನುವನು. ಮಗಳು ಇಬ್ಬರ ಮುಖವನ್ನೂ ನೋಡಿ, "ನಾನೇನು ನಿಮ್ಮಿಬ್ಬರ ಮಧ್ಯೆ ಟೆಲಿಫೋನ್ ತಂತೀನಾ?" ಎಂದು ರೇಗುವಳು.

ಹೀಗಿರುವಾಗ ಊರಿನ ಐಸ್ ಫ್ಯಾಕ್ಟರಿಯ ಮಾಲೀಕ ತನ್ನ ಶೆಡ್ಡು ಖಾಲಿ ಮಾಡಿಸಿದ. ಅಲ್ಲಿ ಯಾವ ಕಾಲದಿಂದಲೋ ಬಿದ್ದಿದ್ದ ಫೈಬರ್‌ಗ್ಲಾಸಿನ ಪುಟ್ಟ ಹಾಯಿದೋಣಿಯನ್ನು ಅಳಿಯನ ತಲೆಗೆ ಕಟ್ಟಿದ. ಭಾನುವಾರ ಬೆಳಿಗ್ಗೆ ಅದು ಟೆಂಪೋ ಏರಿ ಮನೆಗೆ ಬಂತು. ಎರಡು ಮಂಚ ಉದ್ದಕ್ಕೆ ಜೋಡಿಸಿದಷ್ಟು ಉದ್ದ. ಒಂದು ಕಾಲಕ್ಕೆ ನೀಲಿ ಇದ್ದಿರಬೇಕು, ಈಗ ಯಾವ ಬಣ್ಣ ಎಂದು ಹೇಳಲು ಅದನ್ನೇ ಕೇಳಬೇಕಿತ್ತು. ಹಿತ್ತಲಲ್ಲಿ ಹಳೆಯ ಟೈರುಗಳ ಮೇಲೆ ಅದನ್ನು ಬೋರಲು ಹಾಕಿದರು. ಹೊಟ್ಟೆಯ ಮೇಲೆ ಮೊಳದುದ್ದದ ಬಿರುಕು.

"ಇದನ್ನ ಏನು ಮಾಡ್ತಾರಂತೆ ಕೇಳೇ" ಎಂದರು ಪ್ಲಾಸ್ಟರಮ್ಮ.

"ರಿಪೇರಿ ಮಾಡಿ ಕೆರೆಗೆ ಬಿಡ್ತಾರಂತೆ."

"ಈಜು ಬರುತ್ತಾ ಅಂತ ಕೇಳು."

"ಬರುತ್ತಂತೆ ಅಮ್ಮ. ನಿಂಗೆ ಬರುತ್ತಾ ಅಂತ ಕೇಳ್ತಿದಾರೆ."

ಅಳಿಯ ಹಾಗೇನೂ ಕೇಳಿರಲಿಲ್ಲ. ಅದು ಮಗಳ ಕಿತಾಪತಿ. ಪಾಪ, ಅವನು ದೋಣಿಯ ಆ ಕಡೆ ಬಗ್ಗಿ ಕಿವಿ ಕೆಂಪು ಮಾಡಿಕೊಂಡು ನಿಂತಿದ್ದ.

ಮುಂದಿನ ಭಾನುವಾರ ಅವನು ಫೋನಿನಲ್ಲಿ ನಾಲ್ಕಾರು ವಿಡಿಯೋ ನೋಡಿ ಕೆಲಸಕ್ಕಿಳಿದ. ರೆಸಿನ್ ಅನ್ನುವ ಅಂಟು ದ್ರವ, ಅದನ್ನು ಗಟ್ಟಿ ಮಾಡುವ ಹಾರ್ಡನರ್, ಗಾಜಿನ ಎಳೆಯಿಂದ ನೇಯ್ದ ಬಟ್ಟೆ, ಬ್ರಶ್ಶು, ಎಲ್ಲ ಸಾಲಾಗಿ ಇಟ್ಟುಕೊಂಡ. ಅಡುಗೆಮನೆಯ ಕಿಟಕಿಯ ಬಳಿ ಹುರುಳಿಕಾಯಿ ನಾರು ತೆಗೆಯುತ್ತಿದ್ದ ಪ್ಲಾಸ್ಟರಮ್ಮ ನೋಡಿಯೂ ನೋಡದ ಹಾಗೆ ನೋಡುತ್ತಿದ್ದರು. ನೆತ್ತಿ ಸುಡುವ ಬಿಸಿಲು. ಅಳಿಯ ಮಗ್ಗಿಗೆ ರೆಸಿನ್ ಸುರಿದು, ಗಟ್ಟಿಯಾಗಲಿ ಎಂದು ಹಾರ್ಡನರನ್ನು ಧಾರಾಳವಾಗಿಯೇ ಬೆರೆಸಿದ. ಬಿರುಕಿಗೆ ಬಟ್ಟೆ ಹಾಕಿ ಮೇಲೆ ಬಳಿಯುತ್ತಿರುವಾಗಲೇ ಮಗ್ಗಿನಿಂದ ಹೊಗೆ ಎದ್ದಿತು. ಅವನು ಬ್ರಶ್ಶನ್ನು ಅದರಲ್ಲೇ ಬಿಟ್ಟು ಹಿಂದೆ ಹಾರಿದ. ಸ್ವಲ್ಪ ಹೊತ್ತಿಗೆ ಮಗ್ಗು, ರೆಸಿನ್, ಬ್ರಶ್ಶು ಮೂರೂ ಒಂದೇ ಕಲ್ಲಾಗಿ ಕೂತವು. ಮಗಳು ಅದನ್ನು ಹಿಡಿಯಿಂದ ಎತ್ತಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸಂಜೆ ಅಳಿಯ ಸ್ನಾನಕ್ಕೆ ಹೋದಾಗ ಪ್ಲಾಸ್ಟರಮ್ಮ ಮೆಲ್ಲನೆ ಹಿತ್ತಲಿಗೆ ಹೋದರು. ತೇಪೆಯ ತುಂಬ ಸುಟ್ಟ ಚರ್ಮದ ಹಾಗೆ ಗುಳ್ಳೆಗಳು. ಉಗುರಿನಿಂದ ಅಂಚು ಎತ್ತಿದರೆ ಅದು ಒಣಗಿದ ತೊಗಟೆಯಂತೆ ಪೂರ್ತಿ ಎದ್ದು ಬಂತು. ಅವರಿಗೆ ಮೈಯೆಲ್ಲ ಉರಿಯಿತು. ಇಂಥ ಕಟ್ಟನ್ನು ತಮ್ಮ ಕೋಣೆಯಲ್ಲಿ ಯಾರಾದರೂ ಕಟ್ಟಿದ್ದರೆ ಅವತ್ತೇ ಹೊರಗಟ್ಟುತ್ತಿದ್ದರು. ತಿರುಗಿ ನೋಡಿದರೆ ತಲೆ ಒರೆಸಿಕೊಳ್ಳುತ್ತಾ ಅಳಿಯ ನಿಂತಿದ್ದಾನೆ. ತಮ್ಮ ಕೈಯಲ್ಲಿ ಅವನ ತೇಪೆ. ಕರೆಯೋಣವೆಂದರೆ ಮಗಳು ಒಳಗಿದ್ದಳು.

"ಗಾಳಿ ಕೂತಿದೆ ಅಳಿಯಂದ್ರೇ" ಎಂದರು, ಬೇರೆ ದಾರಿ ಇಲ್ಲದೆ.

"ಏನಂದ್ರಿ ಅತ್ತೇ?"

"ಒಳಗೆ ಗಾಳಿ ಕೂತಿದೆ. ಬಿಸಿಲು ನೆತ್ತಿಗೇರಿದಾಗ ಯಾರಾದ್ರೂ ಇದನ್ನ ಮಾಡ್ತಾರಾ? ಪ್ಲಾಸ್ಟರನ್ನೂ ಬಿಸಿ ನೀರಲ್ಲಿ ಅದ್ದಿದ್ರೆ ಕೈಯಲ್ಲೇ ಕಲ್ಲಾಗುತ್ತೆ. ಬೆಳಿಗ್ಗೆ ತಂಪಲ್ಲಿ ಮಾಡಿ. ಮತ್ತೆ ಬರೀ ಬಿರುಕಿಗೆ ಕಟ್ಟಿದೀರಲ್ಲ! ಮೊಣಕೈ ಕೆಳಗೆ ಮುರಿದ್ರೆ ನಾವು ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಸೇರಿಸಿ ಹಿಡೀತೀವಿ. ಮುರಿದ ಜಾಗಕ್ಕೆ ಒಂದು ತುಂಡು ಬಟ್ಟೆ ಸುತ್ತಿದ್ರೆ ನಿಲ್ಲುತ್ತಾ?"

ಅಷ್ಟು ವರ್ಷಕ್ಕೆ ಸೇರಿ ಆಡಬೇಕಾದ ಮಾತನ್ನೆಲ್ಲ ಒಂದೇ ಉಸಿರಿಗೆ ಆಡಿದಂತಾಯಿತು. ಅಳಿಯ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ತೇಪೆಯನ್ನು ಇಸಕೊಂಡು ತಿರುಗಿಸಿ ನೋಡಿದ.

"ಹಾಗಾದ್ರೆ ಮುಂದಿನ ವಾರ ನೀವೇ ಪಕ್ಕದಲ್ಲಿ ನಿಲ್ತೀರಾ?"

"ನಿಲ್ಲೋದೇನು, ಕೈ ತುರಿಸ್ತಾ ಇದೆ ನಂಗೆ" ಎಂದರು ಪ್ಲಾಸ್ಟರಮ್ಮ.

ಮುಂದಿನ ವಾರ ಕೈ ನಿಜಕ್ಕೂ ತುರಿಸಿತು. ಬಿರುಕಿನ ಸುತ್ತ ಬೋಗುಣಿಯ ಅಂಚಿನ ಹಾಗೆ ಇಳಿಜಾರಾಗಿ ಉಜ್ಜಬೇಕು ಎಂದು ಗೊತ್ತಾಗಿ ಇಬ್ಬರೂ ಸ್ಯಾಂಡ್‌ಪೇಪರ್ ಹಿಡಿದರು. ಗಾಜಿನ ಧೂಳು ಅಂಗಿಯ ತೋಳಿನೊಳಗೆ, ಕತ್ತಿನ ಪಟ್ಟಿಯೊಳಗೆ ಹೊಕ್ಕು ಇಬ್ಬರನ್ನೂ ಕುಣಿಸಿತು. ಆಮೇಲೆ ಪ್ಲಾಸ್ಟರಮ್ಮ ಕಾನೂನು ಮಾಡಿದರು. ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ, ಕೈಗೆ ಗವಸು, ಉದ್ದ ತೋಳಿನ ಅಂಗಿ, ಕೆಲಸದ ಬಟ್ಟೆಗೆ ಬೇರೆ ಬಕೆಟ್ಟು. ಮಗಳು ಕೆಲಸಕ್ಕೆ ಹೋಗುತ್ತಿದ್ದ ಕನ್ನಡಕದ ಅಂಗಡಿಯಿಂದ ಯಾರಿಗೂ ಬೇಡವಾದ ಎರಡು ದೊಡ್ಡ ಫ್ರೇಮು ಬಂದವು. ಅವನ್ನು ಹಾಕಿಕೊಂಡು ಅತ್ತೆ ಅಳಿಯ ದೋಣಿಯ ಆಚೆ ಈಚೆ ಬಗ್ಗಿದರೆ ಎರಡು ಗೂಬೆಗಳು ಮಾತಾಡಿಕೊಂಡ ಹಾಗಿತ್ತು.

ರೆಸಿನ್ನನ್ನು ಈ ಸಲ ಅಳತೆ ಮಾಡಿ, ಅಗಲದ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಿದರು. ಮೊದಲು ಚಿಕ್ಕ ತುಂಡು, ಅದರ ಮೇಲೆ ಅದಕ್ಕಿಂತ ದೊಡ್ಡದು, ಮತ್ತೆ ಇನ್ನೂ ದೊಡ್ಡದು. ಪ್ಲಾಸ್ಟರಮ್ಮ ನಡುವಿನಿಂದ ಅಂಚಿನ ಕಡೆಗೆ ಬ್ರಶ್ಶಿನಿಂದ ಕುಟ್ಟುತ್ತಾ ಹೋದರು. ಬಿಳಿ ಬಟ್ಟೆ ರೆಸಿನ್ ಕುಡಿದು ತಿಳಿಯಾಗುತ್ತಾ ಹೋಯಿತು. ಎಲ್ಲಿ ಬಿಳಿ ಉಳಿಯಿತೋ ಅಲ್ಲಿ ಗಾಳಿ ಎಂದು ಅವರ ಕಣ್ಣು ಹೇಳಿತು. ಹಾಗೇ ಅಂಗೈಯನ್ನು ಅದರ ಮೇಲಿಟ್ಟಾಗ, ಗಟ್ಟಿಯಾಗತೊಡಗಿದ ತೇಪೆ ಕೈಗವಸಿನ ಮೂಲಕವೂ ಬೆಚ್ಚಗೆ ತಾಕಿತು.

"ಬಿಸಿಯಾಗ್ತಾ ಇದೆ!" ಎಂದು ಹಿಗ್ಗಿ ಕೂಗಿದರು. ಅಳಿಯನೂ ಬಂದು ಮುಟ್ಟಿ ನೋಡಿದ.

ಹಾಗಂತ ಎಲ್ಲವೂ ಅವರು ಹೇಳಿದ ಹಾಗೇ ನಡೆಯಲಿಲ್ಲ. ದೋಣಿಯನ್ನು ಮಗುಚಿ ಒಳಗಿನಿಂದ ತೇಪೆ ಹಾಕುವ ದಿನ ಪ್ಲಾಸ್ಟರಮ್ಮನಿಗೆ ಹುರುಪು ಜಾಸ್ತಿಯಾಗಿತ್ತು. ಬ್ರಶ್ಶೆಲ್ಲ ಯಾಕೆ, ಪಟ್ಟಿಯನ್ನು ಸುರುಳಿ ಸುತ್ತಿ ಸೀದಾ ಅದ್ದಿ ತೆಗೆದರೆ ಆಯಿತು ಎಂದರು. ಅಳಿಯ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅದ್ದಿದ ಸುರುಳಿ ಬಿಚ್ಚಿಕೊಳ್ಳಲೇ ಇಲ್ಲ. ಎಳೆದರೆ ದಾರ ದಾರವಾಗಿ ಬಂತು. ಎರಡು ಕೈಗವಸು ಒಂದಕ್ಕೊಂದು ಅಂಟಿದವು, ಪಟ್ಟಿಯ ತುದಿ ಚಪ್ಪಲಿಗೆ ಅಂಟಿತು, ಚಪ್ಪಲಿ ಹಿತ್ತಲ ಬಾಗಿಲ ಮೆಟ್ಟಿಲಿಗೆ ಅಂಟಿತು. ಕೈ ಮುಗಿದ ಭಂಗಿಯಲ್ಲಿ, ಒಂಟಿ ಕಾಲಿನ ಮೇಲೆ ನಿಂತ ಪ್ಲಾಸ್ಟರಮ್ಮ ಅಳಿಯನ ಕಡೆ ನೋಡಿದರು. ಅವನು ತುಟಿ ಕಚ್ಚಿಕೊಂಡು ತಡೆದುಕೊಂಡ, ತಡೆದುಕೊಂಡ, ಆಮೇಲೆ ದೋಣಿಯ ಅಂಚು ಹಿಡಿದು ಕುಕ್ಕರಿಸಿ ಗಟ್ಟಿಯಾಗಿ ನಕ್ಕುಬಿಟ್ಟ. ಅವನ ನಗು ಹೇಗಿದೆ ಎಂದು ಅವರಿಗೆ ಗೊತ್ತಾದದ್ದು ಅವತ್ತೇ. ಹಲ್ಲಿನ ಸಂದಿಯಿಂದ ಗಾಳಿ ಹೋದಂತೆ ಸಣ್ಣಗೆ ಶುರುವಾಗಿ ಆಮೇಲೆ ಭೋರೆಂದು ಬರುವ ನಗು.

"ನಗಿ, ನಗಿ. ಮೊದಲು ಕತ್ತರಿ ತನ್ನಿ."

ಮೆಟ್ಟಿಲಿನ ಮೇಲೆ ಆ ಕಲೆ ಉಳಿದುಕೊಂಡಿತು. ಉಜ್ಜಿ ತೆಗೆಯಲು ಹೊರಟ ಮಗಳನ್ನು ಇಬ್ಬರೂ ಬೇಡವೆಂದರು.

ಆಮೇಲೆ ಕೆಲಸ ಓಡಿತು. ಚಮಚದ ಬೆನ್ನಿನಿಂದ ದೋಣಿಯ ಮೇಲ್ಭಾಗವನ್ನು ಬಡಿದು ನೋಡುತ್ತಾ ಹೋದರು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತಿತ್ತು, ಒಂದು ಕಡೆ ಮಾತ್ರ ಬದ್ ಬದ್ ಎಂದಿತು. ಕೊಯ್ದು ತೆರೆದರೆ ಒಳಗಿನ ಪ್ಲೈವುಡ್ ನೆನೆದ ಬ್ರೆಡ್ಡಿನಂತೆ ಬೆರಳಿಗೆ ಬಂತು. ಅದನ್ನೆಲ್ಲ ಕೆರೆದು ಹೊಸ ಹಲಗೆ ಕೂರಿಸಿ ಮೇಲೆ ಮತ್ತೆ ಕಟ್ಟು ಹಾಕಿದರು. ಹಗ್ಗ ಬಿಗಿಯುವ ಕೊಕ್ಕೆಗಳು ಕಿತ್ತು ಬರದಂತೆ ಅಳಿಯ ಪ್ರತಿಯೊಂದರ ಅಡಿಗೂ ಲೋಹದ ಪಟ್ಟಿ ಕೊಟ್ಟು ಬೋಲ್ಟು ಹಾಕಿದ. ಹಾಯಿಯ ಮೂಲೆಯನ್ನು ಇಲಿ ತಿಂದಿತ್ತು. ಮಗಳು ಹಳೆಯ ಛತ್ರಿಯ ಬಟ್ಟೆ ಕತ್ತರಿಸಿ ಅಲ್ಲಿಗೆ ಹೊಲಿದಳು. ಕೊನೆಗೆ ನೀಲಿ ಬಣ್ಣ ಬಿತ್ತು.

ಬಣ್ಣ ಒಣಗಿದ ಮೇಲೆ ಒಂದು ಸಂಜೆ ಪ್ಲಾಸ್ಟರಮ್ಮ ದೋಣಿಯ ಸುತ್ತ ಒಂದು ಸುತ್ತು ಬಂದರು. ಹತ್ತುವ ಜಾಗದಲ್ಲಿ, ಒಳಗಿನ ಪಕ್ಕಕ್ಕೆ, ಬಚ್ಚಲಲ್ಲಿ ಮುದುಕರು ಹಿಡಿದುಕೊಳ್ಳುವಂಥ ಸ್ಟೀಲಿನ ಹಿಡಿಕೆಯೊಂದು ಹೊಸದಾಗಿ ಕೂತಿತ್ತು. ಮಗಳು ಜಿಂಕೆಯ ಹಾಗೆ ಹಾರುವವಳು. ಅಳಿಯನಿಗೆ ಅದರ ಅಗತ್ಯವಿಲ್ಲ. ಪ್ಲಾಸ್ಟರಮ್ಮ ಕೈ ಚಾಚಿದರು. ಬಗ್ಗಬೇಕಾಗಿ ಬರಲಿಲ್ಲ, ಎಟುಕಿಸಿಕೊಳ್ಳಬೇಕಾಗಿಯೂ ಬರಲಿಲ್ಲ.

"ನಾನಂತೂ ನೀರಿಗೆ ಬರೋಳಲ್ಲ" ಎಂದರು, ಟೈರಿನ ಬಳಿ ಡಬ್ಬಿ ತೊಳೆಯುತ್ತಿದ್ದ ಅಳಿಯನಿಗೆ.

"ಇರ್ಲಿ ಬಿಡಿ ಅತ್ತೆ. ಟವೆಲ್ ಒಣಗಿಸೋಕೆ ಆಗುತ್ತೆ."

ದೋಣಿಯನ್ನು ಊರಾಚೆಯ ದೊಡ್ಡ ಕೆರೆಗೆ ಇಳಿಸಿದ ದಿನ ಹದವಾದ ಗಾಳಿ ಇತ್ತು. ಬಾಡಿಗೆಗೆ ತಂದ ಲೈಫ್ ಜಾಕೆಟ್ಟನ್ನು ಮಗಳು ಅಮ್ಮನಿಗೂ ತೊಡಿಸಿದ್ದಳು, ದಡದಲ್ಲಿ ಕೂರಲಿಕ್ಕೂ ಸೇಫ್ಟಿ ಬೇಕು ಎಂದು. ಅಳಿಯ ದೋಣಿಯನ್ನು ಮೊಣಕಾಲುದ್ದ ನೀರಿಗೆ ತಳ್ಳಿ ಹತ್ತಿದ. ಹತ್ತಿದವನು ಕಾಲ ಬುಡ ನೋಡಿಕೊಂಡ.

"ಅತ್ತೇ! ನೀರು!"

ಪ್ಲಾಸ್ಟರಮ್ಮ ಕೂತಲ್ಲಿಂದ ಎದ್ದರು. ತಮ್ಮ ಕಟ್ಟು ಬಿಟ್ಟಿತೇ? ಸೀರೆ ಎತ್ತಿ ಕಟ್ಟಿದ್ದು, ನೀರಿಗೆ ನಡೆದದ್ದು, ಹಿಡಿಕೆ ಹಿಡಿದು ಹತ್ತಿದ್ದು, ಯಾವುದೂ ಅವರಿಗೆ ಆಮೇಲೆ ನೆನಪಿಲ್ಲ. ಬಗ್ಗಿ ತೇಪೆಯ ಉದ್ದಕ್ಕೂ ಬೆರಳು ಒತ್ತಿ ನೋಡಿದರು. ಅದು ಜಗ್ಗಿಲ್ಲ, ಅಂಚು ಎದ್ದಿಲ್ಲ, ಹನಿ ಜಿನುಗುತ್ತಿಲ್ಲ. ಹಾಗೇ ನೀರು ಬರುವ ಕಡೆಗೆ ಕೈ ಸವರುತ್ತಾ ಹಿಂದೆ ಹಿಂದೆ ಹೋದರೆ, ಹಿಂಬದಿಯ ಗೋಡೆಯ ಬುಡದಲ್ಲಿ ಒಂದು ದುಂಡನೆಯ ತೂತು. ಹೆಬ್ಬೆರಳು ಹಿಡಿಸುವಷ್ಟು, ಯಾರೋ ಬೇಕೆಂದೇ ಕೊರೆದಷ್ಟು ಚೆಂದದ ತೂತು.

"ಇದೇನು ಅಳಿಯಂದ್ರೇ ಇದು?"

ಅಳಿಯ ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಒಳಗೆ ನಿಂತ ನೀರು ಹೋಗೋಕೆ ಇಟ್ಟಿರೋದು. ಅದಕ್ಕೊಂದು ಬಿರಡೆ ಇದೆ."

"ಎಲ್ಲಿದೆ?"

"ಶಾಲೆ ಬಸ್ಸಲ್ಲಿ. ಸ್ಟೀರಿಂಗ್ ಮುಂದೆ. ಮರೀಬಾರ್ದು ಅಂತ ಕಣ್ಣೆದುರಿಗೇ ಇಟ್ಟಿದ್ದೆ."

ಪ್ಲಾಸ್ಟರಮ್ಮ ಹೆಬ್ಬೆರಳನ್ನು ತೂತಿಗೆ ತುರುಕಿ ಕೂತರು. ದಡದಲ್ಲಿ ಮಗಳು ನಕ್ಕು ನಕ್ಕು ಕೆಳಗೆ ಕೂತಿದ್ದಳು. ಅವಳ ಊಟದ ಚೀಲದಲ್ಲಿ ಕ್ಯಾರೆಟ್ ಇತ್ತು. ಅದರ ದಪ್ಪ ತುದಿಯನ್ನು ಕೆತ್ತಿ, ಕರ್ಚೀಫಿನ ಚೂರು ಸುತ್ತಿ, ಕಲ್ಲಿನಿಂದ ಮೆತ್ತಗೆ ಬಡಿದು ಕೂರಿಸಿದರು. ನೀರು ನಿಂತಿತು. ಒಳಗಿದ್ದದ್ದನ್ನು ಮಗ್ಗಿನಿಂದ ಮೊಗೆದು ಚೆಲ್ಲಿದರು.

"ಹೇಗೂ ಒದ್ದೆ ಆಗಿದೀರಿ" ಎಂದ ಅಳಿಯ, ಹಾಯಿಯ ಹಗ್ಗ ಹಿಡಿದು. "ದಡದ ಹತ್ತಿರಾನೇ ಒಂದು ಸುತ್ತು ಹೋಗ್ಬರೋಣ. ಕ್ಯಾರೆಟ್ ಕಾಯೋಕೂ ಒಬ್ರು ಬೇಕಲ್ಲ."

ಇಳಿಯುತ್ತೇನೆ ಎನ್ನಲು ಹೊರಟವರು ಇಳಿಯಲಿಲ್ಲ. ಮಗಳು ದೋಣಿಯನ್ನು ತಳ್ಳಿ ತಾನೂ ಹಾರಿ ಕೂತಳು. ಹಾಯಿ ಒಮ್ಮೆ ಪಟಪಟನೆ ಬಡಿದುಕೊಂಡು ಆಮೇಲೆ ಹೊಟ್ಟೆ ಉಬ್ಬಿಸಿತು. ದೋಣಿ ಒಂದು ಕಡೆಗೆ ವಾಲಿದಾಗ ಪ್ಲಾಸ್ಟರಮ್ಮ ಗೊತ್ತಿದ್ದ ದೇವರನ್ನೆಲ್ಲ ಕರೆದರು. ಅದು ವಾಲಿದ್ದು ಹಾಗೇ ನಿಂತು ಮುಂದಕ್ಕೆ ಹರಿಯತೊಡಗಿದ ಮೇಲೆ ಹಿಡಿಕೆಯಿಂದ ಒಂದೊಂದೇ ಬೆರಳು ಸಡಿಲ ಬಿಟ್ಟರು. ಕಾಲ ಕೆಳಗೆ ನೀರು ಸರ್‍ರನೆ ಜಾರುವುದು ತೇಪೆಯ ಮೂಲಕವೇ ಅಂಗಾಲಿಗೆ ತಿಳಿಯುತ್ತಿತ್ತು. ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚುತ್ತಿದ್ದದ್ದು ಬೇರೆ ಕೋಣೆಯಲ್ಲಿ, ಬೇರೆಯವರು. ತಾವು ಕಟ್ಟಿದ ಕಾಲು ಆಮೇಲೆ ಹೇಗೆ ನಡೆಯಿತು, ಓಡಿತೋ ಇಲ್ಲವೋ, ಅವರು ಕಂಡದ್ದು ಕಡಿಮೆ.

"ಚುಕ್ಕಾಣಿ ಹಿಡೀತೀರಾ ಅತ್ತೆ?"

"ಕೊಡಿ, ನೋಡೋಣ."

ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುವ ಆ ಕೋಲಿನ ಹಟಮಾರಿತನ ಅರ್ಥವಾಗುವ ಹೊತ್ತಿಗೆ ಅವರು ಜೊಂಡಿನ ಪೊದೆಗೆ ಒಮ್ಮೆ ನುಗ್ಗಿ, ಎರಡು ಬಾತುಕೋಳಿಗಳನ್ನು ಎಬ್ಬಿಸಿ, ಮಗಳ ಟೋಪಿಯನ್ನು ನೀರುಪಾಲು ಮಾಡಿದ್ದರು. ಮೂರನೇ ಸುತ್ತಿಗೆ ದೋಣಿ ಅವರು ಹೇಳಿದ ಕಡೆಗೆ ಹೋಯಿತು. ಅಳಿಯ ಹಗ್ಗ ಹಿಡಿದು ಕಣ್ಣು ಕಿರಿದು ಮಾಡಿ ಹಾಯಿಯ ತುದಿ ನೋಡುತ್ತಾ ಕೂತಿದ್ದ. ಮಗಳು ಉಳಿದ ಕ್ಯಾರೆಟ್ ತಿನ್ನುತ್ತಿದ್ದಳು.

"ಇಳಿಯೋಣವಾ ಅಮ್ಮಾ? ಹಸಿವಾಗ್ತಿದೆ."

"ಆ ಬಂಡೆವರೆಗೆ ಹೋಗಿ ಬಂದ್ಬಿಡೋಣ" ಎಂದರು ಪ್ಲಾಸ್ಟರಮ್ಮ, ಮುಖ ತಿರುಗಿಸದೆ.